ಹದಿನಾರು ಅಕ್ಷರದ ಹೆಸರು

ಪಾಂಡವಪುರದ ನಮ್ಮ ಆಲೆಮನೆಯಲ್ಲಿ
ನೂರು ಜಲ್ಲೆಯ ಹಾಲು ಒಂದೇ ಕೊಪ್ಪರಿಗೆಗೆ.
ನೊರೆ ತೆಗೆವ ಬೋರಮಾವ ಬೆರಳದ್ದಿ ನೆಕ್ಕಿ
‘ಯಾವ್ದೋ ಒಂದಕ್ಕೆ ಕೆಂಪು ಹಿಡಿದಿತ್ತು ಕಣವ್ವ’ ಅನ್ನೋನು.
ಯಾವುದಕ್ಕೆ?
ಅದು ಆಗಲೇ ಬೆಲ್ಲ.

ಇಲ್ಲಿ, ಗಂಗೋತ್ರಿಯ ತಣ್ಣನೆ ಕೋಣೆಯಲ್ಲಿ,
ನಾನು ಅರೆದು ಬೆರೆಸುವುದಿಲ್ಲ.
ಎಣ್ಣೆಯಲ್ಲಿ ತೇಲುವ ಹನಿಗೊಂದು ಜೀವಕೋಶ,
ಕೋಶಕ್ಕೊಂದು ಹೆಸರು:
ನಾಲ್ಕೇ ಅಕ್ಷರ ತಿರುವಿಹಾಕಿ ಹದಿನಾರು ಮನೆ ತುಂಬಿಸಿದ್ದು.

ರಕ್ತ ಕೊಟ್ಟವರ ಹೆಸರು ಮಾತ್ರ ನನಗೆ ಹೇಳುವುದಿಲ್ಲ.
ಐಸಿನಲ್ಲಿ ಕೂತು ಬಂದ ನಳಿಗೆಯ ಮೇಲೆ
ನಲವತ್ತೇಳು, ಅಷ್ಟೇ.

ಆರು ಸಾವಿರ ಕೋಶ. ಒಂದೊಂದೂ ಯಾವ ವಂಶವಾಹಿಯನ್ನು
ಗಟ್ಟಿಯಾಗಿ ಓದುತ್ತಿತ್ತು, ಯಾವುದರ ಬಾಯಿ ಮುಚ್ಚಿಸಿತ್ತು,
ಪರದೆಯ ಮೇಲೆ ಚುಕ್ಕಿಯಿಟ್ಟು ನೋಡಿದೆ.
ಔಷಧಿಗೆ ಬಗ್ಗಿದವು ಅತ್ತ, ಹಿಂಡು ಹಿಂಡು.
ಇತ್ತ ಮೂಲೆಯಲ್ಲಿ ಹನ್ನೊಂದು,
ಪಂಕ್ತಿ ಎದ್ದರೂ ಎಲೆ ಬಿಟ್ಟೇಳದ ನೆಂಟರ ಹಾಗೆ.

ಕೈಗವಸಿನ ಬೆರಳು ತುಟಿಯ ಹತ್ತಿರ ಬಂದು
ನಾಚಿ ನಿಂತಿತು.
ಸಿಕ್ಕಿತು, ಮಾವ. ಇನ್ನೂ ಬೆಲ್ಲವಾಗಿಲ್ಲ.

ನಾಳೆ ಹೇಮಾವತಿ ಮೇಡಂ ‘ಹನ್ನೊಂದೇ? ಮತ್ತೆ ಮಾಡು’ ಅಂತಾರೆ.
ಮಾಡುತ್ತೇನೆ.
ಅಷ್ಟರಲ್ಲಿ ನಲವತ್ತೇಳನೆಯವರು
ಯಾವ ವಾರ್ಡಿನ ಕಿಟಕಿಗೆ ಒರಗಿ
ಬೆಳಗಿನ ಉಪ್ಪಿಟ್ಟು ಬೇಡವೆನ್ನುತ್ತಿದ್ದಾರೋ.