ನೆರಳು ಯಾವ ಕಡೆಗೆ

ನಮ್ಮ ಮರಗಳೆಲ್ಲ ಉತ್ತರದವು.
ಪೊಟ್ಟಣದಲ್ಲಿ ಬರುತ್ತವೆ, ನೂರಕ್ಕೆ ಇಷ್ಟು ಡಾಲರ್:
ಬರ್ಚು, ಓಕು, ಎಂದೂ ಮೊಂಟೆವಿಡಿಯೊ ಕಾಣದ ಮೇಪಲ್ಲು;
ಎಲೆಯೆಲೆಗೂ ನರ, ನರಕ್ಕೊಂದು ಹೊಳಪು,
ಹುಳ ಕಡಿದ ತೂತೂ ಉಂಟು, ಬೇಕಾದರೆ.
ಒಂದನ್ನೇ ಹನ್ನೊಂದು ಸಲ ನೆಡುತ್ತೇನೆ,
ಮೂವತ್ತೇಳು ಡಿಗ್ರಿ ತಿರುಗಿಸಿ, ಚೂರು ಕುಗ್ಗಿಸಿ,
ಅವಳಿಜವಳಿ ಎಂದು ಯಾರಿಗೂ ಗೊತ್ತಾಗದ ಹಾಗೆ.

ಐನಾರಾ ಹೊಸಬಳು. ಮೊದಲ ವಾರ
ಸೂರ್ಯನನ್ನು ಪೊಟ್ಟಣದಲ್ಲಿ ಬಂದ ಹಾಗೇ ಬಿಟ್ಟಳು.
ಎಂಟು ಮಹಡಿ, ಗಾಜಿನ ಬಾಲ್ಕನಿ, ಸಾಲುಮರ;
ನೆರಳೆಲ್ಲ ಉತ್ತರಕ್ಕೆ ತಲೆಹಾಕಿ ಮಲಗಿದ್ದವು.
ಪಲೆರ್ಮೊ ಬಡಾವಣೆಯ ಸಭೆಯಲ್ಲಿ ಆ ಚಿತ್ರ ಬಿಚ್ಚಿದಾಗ
ಹಿಂದಿನ ಬೆಂಚಿನಿಂದ ಒಂದು ಮುದಿ ದನಿ:
"ಮಕ್ಕಳೇ, ಈ ನಿಮ್ಮ ಸೂರ್ಯ
ಎಂದಿನಿಂದ ನದಿಯೊಳಗೆ ವಾಸ?"

ನಕ್ಕರು. ನಾನೂ ನಕ್ಕೆ, ಕಿವಿ ಬಿಸಿಯಾಗಿ.
ನದಿ ನಮಗೆ ತೆಂಕಣ. ಸೂರ್ಯ ಬಡಗಣದವ.
ಎಪ್ಪತ್ತೊಂಬತ್ತು ವರ್ಷ ಅದನ್ನೇ ನೋಡಿದವಳು
ನೀಬಿಯಾ ಎಚೆವೆರ್ರಿ, ಹೊಲಿಗೆಯವಳು,
ನಾವು ಕಟ್ಟಲಿರುವ ಜಾಗದ ಎದುರುಮನೆ.

ಮರುದಿನ ಅಲ್ಲಿಗೇ ಹೋದೆ.
ಜಾಗದ ಅಂಚಿನಲ್ಲಿ ಒಂದು ಹುಚ್ಚುಬೇವು;
ಪರೈಸೊ ಅನ್ನುತ್ತೇವೆ ನಾವು, ಸ್ವರ್ಗವೆಂದು ಅರ್ಥ.
ಸ್ವರ್ಗ ಸೊಂಟ ಬಾಗಿ ನಿಂತಿತ್ತು.
ಒಂದು ಕಡೆ ಗೂನು, ಒಂದು ಕಡೆ ತಂತಿ ನುಂಗಿದ ತೊಗಟೆ,
ಯಾರದೋ ಸೈಕಲ್ಲಿನ ಸರಪಳಿ ಅರ್ಧ ಹೊಟ್ಟೆಯೊಳಗೆ.
ಜುಲೈ. ಎಲೆ ಒಂದಿಲ್ಲ. ಬೋಳುಕೊಂಬೆ ತುಂಬ
ಹಳದಿ ಕಾಯಿಗೊಂಚಲು; ಕೆಳಗೆ ಜಾರುವ ನೆಲ.
ಮೊಬೈಲು ಹಿಡಿದು ಸುತ್ತಿದೆ, ಹರಕೆ ಹೊತ್ತವಳ ಹಾಗೆ,
ಇನ್ನೂರ ಹನ್ನೆರಡು ಫೋಟೊ.
"ಸತ್ತವರ ಫೋಟೊ ತೆಗೆಯುವ ಹಾಗಿದೆಯಲ್ಲೇ" ಅಂದಳು
ನೀಬಿಯಾ ಕಿಟಕಿಯಿಂದ, ಮಾಟೆ ಕಷಾಯ ಹೀರುತ್ತ.

ರಾತ್ರಿ ಯಂತ್ರ ಅದನ್ನು ಹೆಣೆಯಿತು: ನಲವತ್ತು ಲಕ್ಷ ತ್ರಿಕೋನ,
ಬೇರು ಮಾತ್ರ ಸೊನ್ನೆ.
ಬಾಡಿಗೆಮರಗಳ ನಡುವೆ ನಿಲ್ಲಿಸಿದೆ,
ಮದುವೆಮನೆಗೆ ಕೆಲಸದ ಬಟ್ಟೆಯಲ್ಲೇ ಬಂದ ನೆಂಟನ ಹಾಗೆ ಕಂಡಿತು.

ಗಾಸ್ತೋನ್ ನೋಡಿದ. "ಚೆನ್ನಾಗಿದೆ. ಕಾಯಿ ತೆಗಿ.
ಗೂನು ತೆಗಿ. ಎಲೆ ಹಾಕು.
ಜನ ಕೊಳ್ಳೋದು ಅಕ್ಟೋಬರನ್ನ, ಜುಲೈನಲ್ಲ."
ತೆಗೆದೆ. ಬೆನ್ನು ನೆಟ್ಟಗಾಗಲು ಹನ್ನೆರಡು ನಿಮಿಷ.
ನನ್ನ ಅಜ್ಜನಿಗೆ ಸಿಗದ ವೈದ್ಯ.

ಆಮೇಲೆ, ಯಾಕೋ, ನೆಲದಡಿಯ ನಕ್ಷೆ ತೆರೆದೆ.
ಮರ ನಿಂತಲ್ಲಿ ಎರಡು ಮಟ್ಟದ ಗ್ಯಾರೇಜು;
ಮೇಲೆ ಕಾಂಕ್ರೀಟು; ಅದರ ಮೇಲೆ ಮಣ್ಣು
ನನ್ನ ಮೊಣಕಾಲಿಗೂ ಬಾರದಷ್ಟು.
ಸೊಪ್ಪು ಬೆಳೆದೀತು.

ಎರಡನೆಯ ಸಭೆ. ಈ ಸಲ ನೆರಳು ಸರಿ.
ನೀಬಿಯಾ ಎದ್ದು ಪರದೆಯ ಬಳಿಗೇ ನಡೆದಳು,
ಕನ್ನಡಕ ಹಣೆಗೇರಿಸಿ, ನೂಲಿನ ಎಳೆ ಎಣಿಸುವವಳ ಹಾಗೆ.
"ಇದು ನಮ್ಮದೇ.
ಗೂನು ಬಿಚ್ಚಿ ಮತ್ತೆ ಹೊಲಿದದ್ದು ಯಾರು?"
ಯಾರೂ ನಗಲಿಲ್ಲ.
ನಾನು ಕೈ ಎತ್ತಬಹುದಿತ್ತು.
ಪೆನ್ನಿನ ಮುಚ್ಚಳ ಹುಡುಕಿದೆ.

ಆಗಸ್ಟಿನಲ್ಲಿ ಕಡಿದರು; ಗರಗಸಕ್ಕೆ ಸರಪಳಿ ಸಿಕ್ಕಿ
ಅರ್ಧ ದಿನ ಕೆಲಸ ನಿಂತಿತಂತೆ.
ಕಡತ ಮಾತ್ರ ಪೊಟ್ಟಣ ಸೇರಿ ಮಾರಾಟಕ್ಕೆ ಹೋಯಿತು.
ಮೊನ್ನೆ ಕಂಡೆ: ಓಸ್ಲೊದ ಯಾವುದೋ ಆಸ್ಪತ್ರೆಯ ಮುಂದೆ
ನಮ್ಮ ಪರೈಸೊ, ನೆಟ್ಟಗೆ, ತೆಂಕಣ ಬಿಸಿಲಿನಲ್ಲಿ,
ಹನ್ನೊಂದು ಸಲ.

ಡಿಸೆಂಬರಿನಲ್ಲಿ ಅವಳು ಕಚೇರಿಯ ಮೆಟ್ಟಿಲು ಹತ್ತಿ ಬಂದಳು.
ಒಂದು ಪ್ರಿಂಟು ಬೇಕಂತೆ, ಗೂನಿನ ಸಮೇತ.
"ಜನವರಿಯಲ್ಲಿ, ಸಂಜೆ ಆರೂವರೆಗೆ,
ಅದರ ನೆರಳು ನನ್ನ ಹೊಸಿಲು ದಾಟಿ ಮೇಜು ಮುಟ್ಟುತ್ತಿತ್ತು.
ಆಗ ಕಾಯಿ ಹಸಿರು. ಮರೆಯಬೇಡ."

ಗಡಿಯಾರ ತಿರುಗಿಸಿದೆ. ಆರು. ಆರೂ ಕಾಲು.
ನೆರಳು ರಸ್ತೆ ದಾಟಿತು, ಮೆಟ್ಟಿಲು ಹತ್ತಿತು,
ಬಾಗಿಲಲ್ಲಿ ನಿಂತಿತು.
ಅವಳ ಮನೆಯೊಳಗನ್ನು ನಾವು ಕಟ್ಟಿರಲಿಲ್ಲ;
ಹೊಸಿಲಾಚೆ ಬರೀ ಬೂದು.

"ಮೇಜು ಎಷ್ಟೆತ್ತರ?" ಕೇಳಿದೆ.
ಕೊರಳ ಅಳತೆಪಟ್ಟಿ ಬಿಚ್ಚಿ, ಒಂದು ತುದಿ ತುಳಿದು,
ಇನ್ನೊಂದನ್ನು ಸೊಂಟದವರೆಗೆ ಎಳೆದು ತೋರಿಸಿದಳು:
"ಇಷ್ಟು."