ಒಪ್ಪೋಲೆ

ಪುಟ ಇನ್ನೂರ ಹನ್ನೆರಡು, ಕೆಳಗಿನಿಂದ ನಾಲ್ಕನೇ ಸಾಲು.
ಮೊಳೆ ಜೋಡಿಸಿದವನು ನಾನೇ.
ಸರ್ಕಾರಿ ಅಚ್ಚುಕೂಟ, ರಾತ್ರಿ ಪಾಳಿ,
ಎಡಗಣ್ಣಿಗೆ ಮದ್ರಾಸ್ ಐ,
ಕರಡು ತಿದ್ದುವ ವೆಂಕೋಬರಾಯರು ರಜೆ.
ಸಾವಿರದೆಂಟುನೂರ ಎಪ್ಪತ್ತಾರು ಹೋಗಿ
ಅರವತ್ತೇಳಾಯಿತು.

ಒಂದು ಅಂಕಿ ಇನ್ನೊಂದನ್ನು ದಾಟಿ ಕೂತರೆ
ಏನು ಮಹಾ, ಅಂದುಕೊಂಡೆ.
ಇಲ್ಲ, ಸುಳ್ಳು. ಏನೂ ಅಂದುಕೊಳ್ಳಲಿಲ್ಲ.
ನೋಡಿರಲೇ ಇಲ್ಲ.

ಕೈಪಿಡಿ ಹೊರಬಂತು. ನೀಲಿ ಕ್ಯಾಲಿಕೋ ರಟ್ಟು,
ಮೇಲೆ ಬಂಗಾರದ ಗಂಡಭೇರುಂಡ.
ಅದನ್ನು ನೋಡಿ ಒಬ್ಬರು ಬರೆದರು,
ಅವರನ್ನು ನೋಡಿ ಇನ್ನೊಬ್ಬರು.
ಬರ ಕಳಚಿಹೋಯಿತು. ಕಟ್ಟೆ ಕಟ್ಟಲು ಕಾರಣ ಬೇಕಲ್ಲ?
ಮೂರನೆಯವರ ಪುಸ್ತಕದಲ್ಲಿ ಯಾರೋ ಸಾಹುಕಾರನಿಗೆ
ಗಂಡುಮಗು ಹುಟ್ಟಿತು.
ನಾಲ್ಕನೆಯದರಲ್ಲಿ ಅದಕ್ಕೆ ಹೆಸರೂ ಇಟ್ಟರು.

ಈಗ ಬೆಣಚುಕಲ್ಲು ಕಟ್ಟೆಯ ವಾಕಿಂಗ್ ಟ್ರ್ಯಾಕಿನಲ್ಲಿ
ಪಾಲಿಕೆಯ ಗ್ರಾನೈಟ್ ಫಲಕ:
‘ಪುತ್ರೋತ್ಸವದ ಸ್ಮರಣೆಗಾಗಿ.’
ಬೆಳಿಗ್ಗೆ ಜನ ಅದಕ್ಕೆ ಕೈಯೂರಿ
ಮೀನಖಂಡ ಸಡಿಲಿಸಿಕೊಳ್ಳುತ್ತಾರೆ.
ನಾನೂ ಊರಿದ್ದೇನೆ.
ನಮ್ಮಜ್ಜಿ ಅದನ್ನು ಗಂಜಿಕಟ್ಟೆ ಅನ್ನುತ್ತಿದ್ದಳು.
ಯಾಕೆ ಎಂದು ನಾನು ಕೇಳಲಿಲ್ಲ.

ನಿವೃತ್ತಿಯಾದ ಮೇಲೆ ಕೇಳಬೇಕೆನ್ನಿಸಿತು.
ಅಜ್ಜಿ ಇಲ್ಲ. ಪತ್ರಾಗಾರ ಇತ್ತು.
ಖುರ್ಷಿದಾ ಮೇಡಂ ಕೆಂಪು ಬಟ್ಟೆಯ ಗಂಟು ತಂದಿಟ್ಟು
‘ಬೆರಳಿಗೆ ಎಂಜಲು ಹಚ್ಚಬೇಡಿ ಯಜಮಾನ್ರೇ’ ಅಂದರು.
ಮಸಿ ತಿಂದ ಕಡೆ
ಅಕ್ಷರದ ಆಕಾರದ್ದೇ ತೂತು.

ಧಾತು ಸಂವತ್ಸರ, ಮಾರ್ಗಶಿರ ಬಹುಳ.
ಬರಗಾಲದ ಕೆಲಸ, ಕಟ್ಟೆಯ ಮಣ್ಣು, ಕೂಲಿಪಟ್ಟಿ.
ನಲವತ್ತೊಂದನೇ ನಂಬರು: ಹೆಸರು ತಿಳಿಯದು.
ಹೆಂಗಸು. ಮಾಗಡಿ ಕಡೆಯವಳು. ಜೊತೆಗೆ ಮಗು.
ಕೂಲಿ ಒಂದೂವರೆ.
ಮಾರನೇ ದಿನ, ಅದೇ ನಂಬರು:
ಹೆಂಗಸು ಬಂದಿಲ್ಲ. ಮಗು ಬಂದಿದೆ.
ಕೂಲಿ ಅರ್ಧ.

ಶಾನುಭೋಗನ ಕೈ ದುಂಡಗಿದೆ, ಎಲ್ಲೂ ನಡುಗಿಲ್ಲ.
ಆ ‘ಅರ್ಧ’ದ ಮೇಲೆ ಮಾತ್ರ ಮಸಿ ಸ್ವಲ್ಪ ಹೆಚ್ಚು ಇಳಿದಿದೆ.
ಅದಕ್ಕೆ ನಾನು ಅರ್ಥ ಹಚ್ಚುವುದಿಲ್ಲ.
ಲೆಕ್ಕಣಿಕೆ ಸವೆದಿರಬಹುದು.

ನಕಲು ತೆಗೆಸಿ, ಸೀಲು ಹಾಕಿಸಿ, ಪಾಲಿಕೆಗೆ ಹೋದೆ.
‘ಕೈಬರಹ ನಡೆಯಲ್ಲ ಸ್ವಾಮಿ,
ಯಾರು ಬೇಕಾದರೂ ಏನು ಬೇಕಾದರೂ ಗೀಚಬಹುದು.
ಅಚ್ಚಾದ ಆಧಾರ ತನ್ನಿ.’
ಬೀರು ತೆಗೆದರು. ನೀಲಿ ರಟ್ಟು.
ಇನ್ನೂರ ಹನ್ನೆರಡು. ಬೆರಳಿಟ್ಟು ತೋರಿಸಿದರು.
ಅದು ನಾನೇ ಕೂಡಿಸಿದ್ದು, ತಪ್ಪು ನನ್ನದು, ಅಂದೆ.
ಸಾಹೇಬರು ನಕ್ಕು ಕಾಫಿ ಹೇಳಿದರು.
‘ಅದಕ್ಕೇನಾದರೂ ದಾಖಲೆ ಇದೆಯೇ?’

ಕಾಟನ್‌ಪೇಟೆಯ ಗಲ್ಲಿಯಲ್ಲಿ ಗುರುಲಿಂಗನ ಟ್ರೆಡಲ್ ಇನ್ನೂ ಉಂಟು,
ಬಿಲ್ ಬುಕ್ಕು, ತಿಥಿಯ ಕಾರ್ಡು ಹೊಡೆಯುತ್ತಾನೆ.
ಸೋಮವಾರ ಹೋಗಿ ಕೇಸಿನ ಮುಂದೆ ನಿಂತೆ.
ಕಣ್ಣು ಮಂಜು, ಕೈಗೆ ಮನೆಗಳೆಲ್ಲ ನೆನಪಿವೆ.
ಮೊಳೆಯಲ್ಲಿ ಎಲ್ಲವೂ ತಿರುಗುಮುರುಗು,
ನಾವು ಓದಲು ಕಲಿತದ್ದೇ ಹಾಗೆ.
ಏಳು. ಆರು. ಮತ್ತೆ ಮುಟ್ಟಿ ನೋಡಿದೆ. ಏಳು. ಆರು.

ನೂರು ಚೀಟಿ ಸಾಕು.
ಲೈಬ್ರರಿಗೊಂದರಂತೆ ಅಂಟಿಸಿ ಬಂದರೆ
ಇದೂ ಅಚ್ಚಾದದ್ದೇ.
ತಪ್ಪು ಒಂದು ಕಡೆ, ಒಪ್ಪು ಒಂದು ಕಡೆ, ಒಂದೇ ಸಾಲಿನ ಕೆಲಸ.
ಆದರೂ ಕೆಳಗೆ ಇನ್ನೊಂದು ಸಾಲು ಕೂಡಿಸಿದೆ,
ಪಟ್ಟಿಯಲ್ಲಿದ್ದ ಹಾಗೆ: ಮಗು ಬಂದಿದೆ.

ಮೊದಲ ಪ್ರತಿಯಲ್ಲಿ ‘ಗು’ ಸರಿಯಾಗಿ ಮೂಡಲಿಲ್ಲ.
ಹಳೇ ಮೊಳೆ ಸಾರ್, ಸವೆದಿದೆ, ಅಂದ ಗುರುಲಿಂಗ.
ಒತ್ತಿ ಹೊಡಿ ಅಂದೆ.