ಬೆನ್ನಿಲ್ಲದ ಮನೆ

ಮೊದಲ ನಕ್ಷೆ ನನಗೇ ಬಹಳ ಚಂದ ಕಂಡಿತ್ತು.
ತತುವಪೆಯ ಗೋಪುರದಲ್ಲಿ ಇಪ್ಪತ್ಮೂರನೆಯ ಮಹಡಿ,
ಎಂಬತ್ತೆರಡು ಚದರ ಮೀಟರು,
ಊಟದ ಮೇಜಿನ ಮೇಲೆ ಮೂರು ತೂಗುದೀಪ,
ಹಿತ್ತಾಳೆಯವು, ಸೋರೆಬುರುಡೆಯ ಆಕಾರ,
ಅಡುಗೆಕಟ್ಟೆಗೆ ಎರಡಂಗುಲ ದಪ್ಪದ ಕರಿಕಲ್ಲು,
ಗೋಡೆಗೆಲ್ಲ ಹಾಲುಬಿಳಿ.
ಹದಿನೆಂಟು ವರ್ಷದ ಕಸುಬು ನನ್ನದು;
ಸಾವೊ ಪಾವ್ಲೊದ ಅರ್ಧ ಊರಿಗೆ
ಇದನ್ನೇ ಹಚ್ಚಿ ಕೊಟ್ಟಿದ್ದೇನೆ.

ಜಂದಿರಾ ಹಾಳೆ ತಿರುಗಿಸಿ ನೋಡಿದಳು,
ಮತ್ತೆ ತಿರುಗಿಸಿದಳು,
ಪೆನ್ಸಿಲು ಇಸಕೊಂಡು ಮೂರು ದೀಪಕ್ಕೂ ಕಾಟು ಹಾಕಿದಳು.
ಗಂಡ ಒಸ್ಮಾರ್ ಗಟ್ಟಿಯಾಗಿ ನಕ್ಕ.
ಅವಳ ಕೈ ಹೇಳಿದ್ದನ್ನು
ಹತ್ತು ವರ್ಷದ ಮಗ ಬಾಯಲ್ಲಿ ಹೇಳಿದ:
'ಇದು ಇಲ್ಲಿ ನೇತಾಡಿದರೆ
ಅಕ್ಕನ ಅರ್ಧ ಮಾತು ದೀಪದ ಹಿಂದೆ ಹೋಗತ್ತಂತೆ.'

ಮನೆಯಲ್ಲಿ ನಾಲ್ವರು.
ಕಿವಿ ಕೇಳುವುದು ಕವಾನ್ ಒಬ್ಬನಿಗೆ.

ಅವರ ಹಳೆಯ ಬಾಡಿಗೆಮನೆಗೆ ಹೋಗಿ
ಒಂದಿಡೀ ಮಧ್ಯಾಹ್ನ ಸುಮ್ಮನೆ ಕೂತೆ.
ಕಿಟಕಿಗೆ ಬೆನ್ನು ಕೊಟ್ಟು ಯಾರೂ ಮಾತಾಡುವುದಿಲ್ಲ,
ಹಿಂದಿನ ಬೆಳಕು ಮುಖವನ್ನು ಇದ್ದಿಲು ಮಾಡುತ್ತದೆ.
ಎರಡೂ ಕೈಲಿ ಪಾತ್ರೆ ಹಿಡಿದವರು
ಬಾಯಿಗೆ ಬಟ್ಟೆ ಕಟ್ಟಿಸಿಕೊಂಡ ಹಾಗೆ;
ದಾರಿಯಲ್ಲಿ ಅಲ್ಲಲ್ಲಿ ಇಳಿಸಲು
ಒಂದು ಗೇಣು ಹಲಗೆ ಬೇಕು.
ಮೂಲೆ ಮೂಲೆಯಲ್ಲೂ ಡಿಕ್ಕಿ.
ಕುಕ್ಕರಿನಲ್ಲಿ ಬೀನ್ಸ್ ಕಾಳು ಬೇಯುವಾಗ
ಜಂದಿರಾ ಕಟ್ಟೆಯ ಮೇಲೆ ಅಂಗೈ ಊರಿ ನಿಲ್ಲುತ್ತಾಳೆ,
ಕೂಸಿನ ಜ್ವರ ನೋಡುವ ಹಾಗೆ.
ಮರದ ಹಲಗೆ ಅದು, ತೆಳ್ಳಗಿನದು, ನಡುಗುತ್ತದೆ.
ನನ್ನ ಎರಡಂಗುಲದ ಕರಿಕಲ್ಲು
ಒಂದಕ್ಷರವನ್ನೂ ದಾಟಿಸುತ್ತಿರಲಿಲ್ಲ.

ಒಡೆಸಿದೆ ಅಡುಗೆಮನೆಯ ಗೋಡೆ.
ಪಡಸಾಲೆಯ ಮೂಲೆಗಳನ್ನು ಗುಂಡಗೆ ತಿರುಗಿಸಿದೆ.
ಒಲೆಯ ಹಿಂದೆ ಉದ್ದಕ್ಕೂ ಕನ್ನಡಿ,
ಬೆಳ್ಳುಳ್ಳಿಯ ಹೊಗೆಯಲ್ಲೂ ಕಾಣಲಿ ಬೆನ್ನ ಹಿಂದೆ ಬಂದವರು.
ಕಾಂಕ್ರೀಟಿನಿಂದ ನಾಲ್ಕು ಬೆರಳು ಎತ್ತರದಲ್ಲಿ
ಇಪೆ ಮರದ ನೆಲ: ಈ ತುದಿಯಲ್ಲಿ ಕಾಲು ಕುಟ್ಟಿದರೆ
ಆ ತುದಿಯವರು ತಿರುಗುತ್ತಾರೆ.
ಕೆಳಗೆ ಕಾವಲಿನವನು ಗುಂಡಿ ಒತ್ತಿದರೆ
ಇಡೀ ಮನೆ ಎರಡು ಸಲ ಕಣ್ಣು ಮಿಟುಕಿಸುತ್ತದೆ.

ಹಾಲುಬಿಳಿ ಹೋಯಿತು.
ಬಣ್ಣದಂಗಡಿಯಲ್ಲಿ ಒಸ್ಮಾರ್
ಒಂದೊಂದೇ ಪಟ್ಟಿಯ ಮುಂದೆ ತನ್ನ ಕೈ ಚಾಚಿ,
ಪಕ್ಕಕ್ಕೆ ಮಗಳು ಎಲೊವಾಳ ಕೈ ಎಳೆದಿಟ್ಟು,
ಅವನದು ಕಾಫಿ, ಅವಳದು ಗೋಧಿ,
ಎರಡೂ ಎದ್ದು ಕಾಣುವ ಒಂದು ಹಸಿರಿಗಾಗಿ
ಶನಿವಾರ ಪೂರ್ತಿ ಕಳೆದ.
ಅಂಗಡಿಯ ಹುಡುಗ ಯಾಕೋ ರಿಯಾಯಿತಿ ಕೊಟ್ಟ.

ದುಂಡು ಮೇಜು. ಬಾಗಿಲಿಗೆಲ್ಲ ಗಾಜು.
ಎಲ್ಲಿ ನಿಂತರೂ ಎಲ್ಲರಿಗೂ ಎಲ್ಲರೂ.
ಬೆನ್ನೇ ಇಲ್ಲದ ಮನೆ ಎಂದು ಬರೆದುಕೊಂಡೆ,
ಬೀಗಿದೆ.

ಕೊನೆಯ ದಿನ ಬಡಗಿಗಳು ಹೊರಟ ಮೇಲೆ
ಕವಾನ್ ನನ್ನ ತೋಳು ಜಗ್ಗಿದ.
ಅಮ್ಮ ಒಲೆಯ ಕಡೆ ತಿರುಗಿದ್ದಾಳೆಂದು ಖಾತ್ರಿ ಮಾಡಿಕೊಂಡು
ಪಿಸುಗುಟ್ಟಿದ, ಆ ಮನೆಯಲ್ಲಿ ಪಿಸುಗುಟ್ಟಿದ:
'ನನ್ನ ಕೋಣೆಗೆ ಗಾಜಿಲ್ಲದ ಬಾಗಿಲು ಹಾಕ್ತೀರಾ?
ಬೈದರೆ ಇವರಿಗೆ ಕೇಳಲ್ಲ. ಆದರೆ ಮುಖ ಓದ್ತಾರೆ.
ಯಾವಾಗಲೂ ಓದ್ತಾರೆ.'

ಕಾಫಿ ಉಕ್ಕಿತು.
ನಾನೇ ಹಾಕಿಸಿದ ಕನ್ನಡಿಯಲ್ಲಿ
ಜಂದಿರಾಳ ಕಣ್ಣು ಮಗನ ತುಟಿಯ ಮೇಲಿತ್ತು.

ಬಂದಳು. ಈ ಸಲ ದುಭಾಷಿ ಬೇಕಾಗಲಿಲ್ಲ.
ಎರಡು ಅಂಗೈ ಅಕ್ಕಪಕ್ಕ ತಂದು ಮುಚ್ಚಿದಳು,
ಕಿರುಬೆರಳಿಂದ ಚಿಲಕ ತೋರಿಸಿದಳು:
ಒಳಗಡೆ. ಅವನ ಕಡೆ.

ಸೀಡರ್ ಬಾಗಿಲು, ಒಳ್ಳೆ ತೂಕದ್ದು.
ಕೂರಿಸಿದ ದಿನವೇ ಹುಡುಗ ಅದನ್ನು ಬಡಿದು ಬಡಿದು ನೋಡಿದ.
ನೆಲ ನಡುಗಿ, ಪಡಸಾಲೆಯ ಆ ತುದಿಯಲ್ಲಿ
ಓದುತ್ತ ಕೂತಿದ್ದ ಎಲೊವಾ ತಲೆ ಎತ್ತದೆ
ಹಿಮ್ಮಡಿಯಿಂದ ಒಮ್ಮೆ ಕುಟ್ಟಿ ಉತ್ತರ ಕೊಟ್ಟಳು.
ಅವನು ಮತ್ತೆ. ಅವಳು ಮತ್ತೆ.

ಇಪ್ಪತ್ತೆರಡನೆಯ ಮಹಡಿಯವರು
ಸಂಘಕ್ಕೆ ದೂರು ಬರೆದಿದ್ದಾರಂತೆ:
ಮೇಲಿನ ಮನೆಯವರದ್ದು
ಮಾತು ವಿಪರೀತ.